ಸಿಗರೇಟು ಬಿಡೋಕೆ ದಿನ ಗೊತ್ತು ಮಾಡಿದ್ದೇನೆ, ಆ ದಿನ ಬರುವಷ್ಟರಲ್ಲಿ ಮನಸ್ಸೇ ಕರಗುತ್ತಿದೆ

ಪೀಣ್ಯ_ಸೆಕೆಂಡ್_ಶಿಫ್ಟ್

ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ. ಪೀಣ್ಯದಲ್ಲಿ ಲೇತ್ ಮೇಲೆ ಕೆಲಸ. ಸಿಗರೇಟು ಶುರುವಾಗಿ 17 ವರ್ಷ ಆಯಿತು. ದಿನಕ್ಕೆ 14. ಒಂದಕ್ಕೆ ಹತ್ತು ರೂಪಾಯಿ ಹಿಡಿದರೂ ತಿಂಗಳಿಗೆ ನಾಲ್ಕು ಸಾವಿರದ ಮೇಲೆ ಹೋಗುತ್ತದೆ.

ನಮ್ಮ ಜೊತೆ ಕೆಲಸ ಮಾಡುವ ಒಬ್ಬ ಅಣ್ಣನಿಗೆ 43 ವರ್ಷ. ಬೀಡಿ ಸೇದುತ್ತಿದ್ದರು. ಕಾಲಿನ ರಕ್ತನಾಳ ಕಟ್ಟಿಕೊಂಡು ಎರಡು ಬೆರಳು ತೆಗೆದರು. ಇನ್ನೂ ಸೇದಿದರೆ ಪಾದವೂ ಉಳಿಯಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ನೋಡೋಕೆ ಹೋಗಿದ್ದೆ. ಅವರು ಬ್ಯಾಂಡೇಜ್ ಸುತ್ತಿದ ಕಾಲನ್ನು ಬೆಡ್‌ಶೀಟಿನ ಒಳಗೆ ಎಳೆದುಕೊಂಡರು, ನನಗೆ ಕಾಣಬಾರದು ಅಂತ. ಅವತ್ತು ರಾತ್ರಿಯೇ ತೀರ್ಮಾನ ಮಾಡಿದೆ. ಮುಂದಿನ ಒಂದನೇ ತಾರೀಖಿಗೆ ಬಿಡಬೇಕು ಅಂತ.

ಅದಾಗಿ 9 ದಿನ ಆಯಿತು. ಒಂದನೇ ತಾರೀಖಿಗೆ ಇನ್ನೂ 16 ದಿನ ಇದೆ. ಮೊದಲ ಮೂರು ದಿನ ಎಷ್ಟು ಹುರುಪು ಇತ್ತು ಅಂದರೆ ಹೇಳೋಕಾಗಲ್ಲ. ಈಗ ದಿನ ಕಳೆದ ಹಾಗೆ ಇಳಿಯುತ್ತಿದೆ. ಅದಕ್ಕಿಂತ ಬೇಜಾರು ಏನು ಅಂದರೆ, 14 ಇದ್ದದ್ದು 18 ಆಗಿದೆ. ಹೇಗಿದ್ದರೂ ಬಿಡ್ತೀನಲ್ಲ, ಈಗ ಸೇದಿಬಿಡೋಣ ಅಂತ ಮನಸ್ಸು ಹೇಳುತ್ತದೆ.

ಎರಡು ಗಂಟೆಗೆ ಶಿಫ್ಟ್ ಬದಲಾಗುವ ಹೊತ್ತು ಅತಿ ಕಷ್ಟ. ಗೇಟಿನ ಎದುರು ಟೀ ಅಂಗಡಿ. ಕಂಬಕ್ಕೆ ತೆಂಗಿನ ನಾರಿನ ಹಗ್ಗ ಕಟ್ಟಿದ್ದಾರೆ, ತುದಿಯಲ್ಲಿ ಯಾವಾಗಲೂ ಕೆಂಡ. ಒಳಗೆ ಹೋಗುವವರು, ಹೊರಗೆ ಬರುವವರು ಎಲ್ಲ ಅಲ್ಲೇ. ಒಂದು ಕೈಯಲ್ಲಿ ಟೀ ಲೋಟ ಬಂದರೆ ಸಾಕು, ಇನ್ನೊಂದು ಕೈ ತಾನಾಗೇ ಹಗ್ಗದ ಕಡೆ ಹೋಗುತ್ತದೆ.

ಎರಡು ವರ್ಷದ ಹಿಂದೆ ಏನೂ ತಯಾರಿ ಇಲ್ಲದೆ ಒಂದು ಬೆಳಿಗ್ಗೆ ಬಿಟ್ಟಿದ್ದೆ. ನಾಲ್ಕನೇ ದಿನ ಸೂಪರ್‌ವೈಸರ್ ಜೊತೆ ಜಗಳ ಆಯಿತು, ಅಲ್ಲಿಗೆ ಮುಗಿಯಿತು. ಅದಕ್ಕೇ ಈ ಸಲ ತಯಾರಿ ಮಾಡಿಕೊಂಡೇ ಬಿಡೋಣ ಅಂದುಕೊಂಡೆ. ಆದರೆ ತಯಾರಿಯ ದಿನಗಳಲ್ಲೇ ಮನಸ್ಸು ಜಾರುತ್ತಿದೆ. ಬಿಟ್ಟವರು, ಬಿಡೋಕೆ ಹೊರಟವರು ಯಾರಾದರೂ ದಾರಿ ಹೇಳಿ.

ಬೆಣ್ಣೆದೋಸೆ_ಊರಿನವ

ಅಣ್ಣ, ನಾನು ಬಿಟ್ಟು ನಾಲ್ಕು ವರ್ಷ ಆಯಿತು. ನಿಮ್ಮ ಮನಸ್ಸಿನಲ್ಲಿ ತಪ್ಪಿಲ್ಲ, ತಾರೀಖಿನಲ್ಲಿ ತಪ್ಪಿದೆ. 25 ದಿನ ತುಂಬಾ ದೂರ ಆಯಿತು. ಆ ಆಸ್ಪತ್ರೆಯ ಬಿಸಿ ಅಷ್ಟು ದಿನ ಇರಲ್ಲ, ಯಾರಿಗೂ ಇರಲ್ಲ. ಸಾಮಾನ್ಯವಾಗಿ ಎರಡು ವಾರದ ಒಳಗೇ ದಿನ ಇಟ್ಟುಕೊಳ್ಳಿ ಅಂತ ಹೇಳುತ್ತಾರೆ. ನಿಮ್ಮದರಲ್ಲಿ ಒಂಬತ್ತು ದಿನ ಆಗಲೇ ಹೋಗಿದೆ. ಒಂದನೇ ತಾರೀಖು ಬಿಡಿ, ಹತ್ತಿರದ ದಿನಕ್ಕೆ ಎಳೆದುಕೊಳ್ಳಿ.

18ಕ್ಕೆ ಹೋಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನನಗೂ ಹಾಗೇ ಆಗಿತ್ತು. ಊರು ಬಿಡುವ ಮುಂಚೆ ಎಲ್ಲರ ಮನೆಗೂ ಹೋಗಿ ಬರುತ್ತೇವಲ್ಲ, ಹಾಗೆ.

ಒಂದೇ_ಏಟಿಗೆ

ತಯಾರಿ ಗಿಯಾರಿ ಎಲ್ಲ ಬೇಡ ಸಾರ್. ನಾನು ಒಂದು ರಾತ್ರಿ ಪ್ಯಾಕ್ ಮುರಿದು ಎಸೆದೆ. ಮತ್ತೆ ಮುಟ್ಟಿಲ್ಲ. ಆರು ವರ್ಷ ಆಯಿತು. ನಾಳೆ ನಾಳೆ ಅಂದರೆ ಜನ್ಮದಲ್ಲಿ ಆಗಲ್ಲ.

ಬೆಣ್ಣೆದೋಸೆ_ಊರಿನವ

ನಿಮಗೆ ಹಾಗೆ ಆಯಿತು, ಅದು ಸಂತೋಷದ ವಿಷಯ. ಆದರೆ ಅವರು ಒಮ್ಮೆ ಹಾಗೇ ಮಾಡಿ ನಾಲ್ಕನೇ ದಿನಕ್ಕೆ ಸೋತಿದ್ದಾರೆ, ಓದಿದಿರಾ? 2016ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 700 ಜನರ ಮೇಲೆ ಒಂದು ಅಧ್ಯಯನ ನಡೆಯಿತು. ಅರ್ಧ ಜನ ಎರಡು ವಾರ ದಿನಾ ಕಡಿಮೆ ಮಾಡುತ್ತಾ ಬಂದು ಬಿಟ್ಟರು. ಇನ್ನರ್ಧ ಜನ ಅದೇ ಎರಡು ವಾರ ಎಂದಿನಂತೆ ಸೇದಿ, ಗೊತ್ತು ಮಾಡಿದ ದಿನ ಪೂರ್ತಿ ನಿಲ್ಲಿಸಿದರು. ನಾಲ್ಕು ವಾರ ಆದ ಮೇಲೆ ನೋಡಿದರೆ, ಒಮ್ಮೆಗೇ ನಿಲ್ಲಿಸಿದವರಲ್ಲಿ 49%, ಕಡಿಮೆ ಮಾಡುತ್ತಾ ಬಂದವರಲ್ಲಿ 39% ಜನ ಬಿಟ್ಟೇ ಇದ್ದರು. ಅಂದರೆ ಒಂದೇ ಏಟಿಗೆ ಬಿಡೋದು ಸರಿಯೇ. ಆದರೆ ಎರಡೂ ಗುಂಪಿಗೆ ದಿನ ಗೊತ್ತಿತ್ತು, ಮಾತಾಡುವ ನರ್ಸ್ ಇದ್ದರು, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಇತ್ತು. ಬರಿಗೈಯಲ್ಲಿ ಬಿಟ್ಟವರಲ್ಲ ಅವರು.

ಈ ಲೆಕ್ಕದಲ್ಲಿ ಪೀಣ್ಯದ ಅಣ್ಣನಿಗೆ ಒಂದು ಸಮಾಧಾನ ಇದೆ. ಈ ದಿನಗಳಲ್ಲಿ ಎಷ್ಟು ಸೇದಿದೆ ಅಂತ ಕೊರಗುತ್ತಾ ಕೂರಬೇಕಿಲ್ಲ. ಕೊರಗಿದಷ್ಟೂ ಮನಸ್ಸು ಇಳಿಯುತ್ತದೆ. ಬೇರೆ ಕೆಲಸ ಇದೆ ಈ ದಿನಗಳಿಗೆ.

ಪೀಣ್ಯ_ಸೆಕೆಂಡ್_ಶಿಫ್ಟ್

ಅದೇ ಕೇಳುತ್ತಿದ್ದೇನೆ ಅಣ್ಣ. ಏನು ಕೆಲಸ? ನಾನು ದಿನಾ ರಾತ್ರಿ ಕ್ಯಾನ್ಸರ್ ವಿಡಿಯೋ ನೋಡುತ್ತೇನೆ, ಹೆದರಿಕೆ ಇರಲಿ ಅಂತ. ನೋಡಿ ಮುಗಿಸಿ ಬಾಲ್ಕನಿಗೆ ಹೋಗಿ ಒಂದು ಹಚ್ಚುತ್ತೇನೆ.

ರಬ್ಬರ್_ಬ್ಯಾಂಡ್

ವಿಡಿಯೋ ಇವತ್ತೇ ನಿಲ್ಲಿಸಿ. ಹೆದರಿಕೆ ಆದಾಗ ನಮ್ಮಂಥವರ ಕೈ ಹೋಗೋದು ಎಲ್ಲಿಗೆ? ಸಿಗರೇಟಿಗೇ ಅಲ್ವಾ. ಪ್ಯಾಕಿನ ಮೇಲೆ 2016ರಿಂದ 85% ಜಾಗದಲ್ಲಿ ಚಿತ್ರ ಇದೆ. ಸಾಕು ಅಷ್ಟು.

ನಾನು ಮಾಡಿದ್ದು ಹೇಳುತ್ತೇನೆ. ನೋಟ್‌ಬುಕ್ಕಿನ ಒಂದು ಹಾಳೆ ಹರಿದು ಪ್ಯಾಕಿಗೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೆ. ಸಿಗರೇಟು ತೆಗೆಯಬೇಕು ಅಂದರೆ ಮೊದಲು ಬ್ಯಾಂಡ್ ತೆಗೆಯಬೇಕು, ಹಾಳೆ ಬಿಚ್ಚಬೇಕು. ಹಚ್ಚುವ ಮುಂಚೆ ಮೂರು ವಿಷಯ ಬರೆಯಬೇಕು. ಎಷ್ಟು ಗಂಟೆ, ಎಲ್ಲಿ, ಎಷ್ಟು ಬೇಕು ಅನ್ನಿಸುತ್ತಿದೆ. ಕೊನೆಯದಕ್ಕೆ ಒಂದರಿಂದ ಐದರವರೆಗೆ ಅಂಕ. ಐದು ಅಂದರೆ ಇಲ್ಲದಿದ್ದರೆ ಆಗೋದೇ ಇಲ್ಲ.

ನಾಲ್ಕು ದಿನ ಬರೆದೆ. ದಿನಕ್ಕೆ 12 ಸೇದುತ್ತಿದ್ದವನು ನಾನು. ಐದು ಅಂಕ ಬಿದ್ದದ್ದು ಮೂರಕ್ಕೆ ಮಾತ್ರ. ಬೆಳಿಗ್ಗೆ ಎದ್ದ ತಕ್ಷಣದ್ದು, ಮಧ್ಯಾಹ್ನ ಊಟ ಆದ ಮೇಲಿನದ್ದು, ರಾತ್ರಿ ಮಲಗುವ ಮುಂಚಿನದ್ದು. ಉಳಿದ ಒಂಬತ್ತಕ್ಕೆ ಒಂದು, ಎರಡು ಅಂಕ. ಯಾರೋ ಕರೆದರು, ಬಸ್ಸು ಬರಲಿಲ್ಲ, ಫೋನ್ ಬಂತು, ಅಷ್ಟೇ. ಅಷ್ಟು ವರ್ಷ ಹನ್ನೆರಡೂ ಬೇಕೇ ಬೇಕು ಅಂದುಕೊಂಡಿದ್ದೆ! ಆ ಹಾಳೆ ನೋಡಿದ ಮೇಲೆ ನನಗೆ ಧೈರ್ಯ ಬಂತು. ಗುದ್ದಾಡಬೇಕಾಗಿದ್ದು ಮೂರರ ಜೊತೆ. ಆ ಮೂರು ಹೊತ್ತಿಗೆ ಏನು ಮಾಡಬೇಕು ಅಂತ ಮೊದಲೇ ಯೋಚಿಸಿ ಇಟ್ಟೆ. ಊಟ ಆದ ಮೇಲೆ ಸೋಂಪು ಬಾಯಿಗೆ ಹಾಕಿಕೊಂಡು ಒಂದು ಸುತ್ತು ನಡೆಯೋದು. ಮಲಗುವ ಮುಂಚೆ ಹಲ್ಲುಜ್ಜೋದು.

ಮೆಡಿಕಲ್_ಶಾಪ್_ಅಕ್ಕ

ಬೆಳಿಗ್ಗೆ ಎದ್ದ ತಕ್ಷಣದ್ದು ಅಂದಿರಲ್ಲ, ಅದರ ಬಗ್ಗೆ ಹೇಳುತ್ತೇನೆ. ನಾನು ಶಿವಮೊಗ್ಗದಲ್ಲಿ ಫಾರ್ಮಸಿಸ್ಟ್. ಎದ್ದು ಅರ್ಧ ಗಂಟೆಯ ಒಳಗೆ ಮೊದಲ ಸಿಗರೇಟು ಬೇಕಾದರೆ, ದೇಹ ನಿಕೋಟಿನ್‌ಗೆ ಜಾಸ್ತಿ ಒಗ್ಗಿದೆ ಅಂತ ಅರ್ಥ. ರಾತ್ರಿಯೆಲ್ಲ ಇಲ್ಲದೆ ಇದ್ದು ರಕ್ತದಲ್ಲಿ ಖಾಲಿ ಆಗಿರುತ್ತದೆ. ಅಂಥವರಿಗೆ ಮನಸ್ಸು ಗಟ್ಟಿ ಇದ್ದರೆ ಮಾತ್ರ ಸಾಲದು, ಸಹಾಯ ಬೇಕು. ಸಹಾಯ ತೆಗೆದುಕೊಂಡರೆ ಸೋತ ಹಾಗೆ ಅಂತ ಎಷ್ಟೋ ಗಂಡಸರು ಅಂದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ.

ನಿಕೋಟಿನ್ ಚೂಯಿಂಗ್ ಗಮ್ 2 ಮಿಲಿಗ್ರಾಂ, 4 ಮಿಲಿಗ್ರಾಂ ಎರಡು ಬರುತ್ತದೆ. ಎದ್ದು ಅರ್ಧ ಗಂಟೆಯೊಳಗೆ ಸೇದುವವರಿಗೆ 4 ಸರಿಹೋಗುತ್ತದೆ. ನನ್ನ ಅಂಗಡಿಗೆ ಬಂದು "ಅದು ಕೆಲಸ ಮಾಡಲ್ಲ ಮೇಡಂ, ಬರೀ ಬಿಕ್ಕಳಿಕೆ" ಅನ್ನುವವರನ್ನು ಹೇಗೆ ಅಗಿದಿರಿ ಅಂತ ಕೇಳಿದರೆ, ಬಬಲ್ ಗಮ್ ಥರ ಜಗಿದಿರುತ್ತಾರೆ. ಹಾಗೆ ಜಗಿದರೆ ನಿಕೋಟಿನ್ ಎಂಜಲಿನ ಜೊತೆ ಹೊಟ್ಟೆಗೆ ಹೋಗಿ ಉರಿ, ಬಿಕ್ಕಳಿಕೆ. ಅದು ಇಳಿಯಬೇಕಾಗಿರೋದು ಬಾಯಿಯ ಒಳಚರ್ಮದಿಂದ. ನಿಧಾನ ಅಗಿಯಿರಿ. ಖಾರ ಖಾರ, ಜುಮ್ ಅನ್ನಿಸಿದ ತಕ್ಷಣ ನಿಲ್ಲಿಸಿ ಕೆನ್ನೆ ಮತ್ತು ವಸಡಿನ ನಡುವೆ ಇಡಿ. ಆ ಜುಮ್ ಹೋದ ಮೇಲೆ ಮತ್ತೆ ನಾಲ್ಕು ಸಲ ಅಗಿಯಿರಿ, ಈ ಸಲ ಇನ್ನೊಂದು ಕಡೆ ಇಡಿ. ಅರ್ಧ ಗಂಟೆ ಹೀಗೇ. ಗಮ್ ಹಾಕುವ ಕಾಲು ಗಂಟೆ ಮುಂಚೆಯಿಂದ ಕಾಫಿ, ಜ್ಯೂಸ್, ಸೋಡಾ ಬೇಡ. ಹುಳಿ ಇದ್ದರೆ ನಿಕೋಟಿನ್ ಸರಿಯಾಗಿ ಇಳಿಯಲ್ಲ.

ಇನ್ನೊಂದು ಮುಖ್ಯ ವಿಷಯ. ಡಾಕ್ಟರ್ ಬರೆದುಕೊಡುವ ಮಾತ್ರೆಗಳೂ ಇವೆ. ವರೆನಿಕ್ಲಿನ್ ಅನ್ನೋದನ್ನು ಬಿಡುವ ದಿನಕ್ಕೆ ಒಂದು ವಾರ ಮುಂಚೆ ಶುರು ಮಾಡುತ್ತಾರೆ. ಬ್ಯುಪ್ರೊಪಿಯಾನ್ ಕೂಡ ಒಂದೆರಡು ವಾರ ಮುಂಚೆಯೇ. ಅದಕ್ಕೇ ಹೇಳೋದು, ಈ ದಿನಗಳು ಸುಮ್ನೆ ಕಾಯುವ ದಿನಗಳಲ್ಲ. ಬಿಡೋದು ಆಗಲೇ ಶುರುವಾಗಿದೆ ಅಂತ ಲೆಕ್ಕ. ಫಿಟ್ಸ್ ಇದ್ದವರಿಗೆ ಬ್ಯುಪ್ರೊಪಿಯಾನ್ ಕೊಡಲ್ಲ, ಹಾಗಾಗಿ ಡಾಕ್ಟರ್ ಹತ್ತಿರ ಎಲ್ಲ ಹೇಳಿಯೇ ತೆಗೆದುಕೊಳ್ಳಬೇಕು.

ಹೊಸಬ_22

ವೇಪ್, ಅಂದರೆ ಇ-ಸಿಗರೇಟು ಹಿಡಿದರೆ ಸುಲಭ ಅಂತ ಫ್ರೆಂಡ್ಸ್ ಹೇಳ್ತಾರೆ. ಹೌದಾ?

ಮೆಡಿಕಲ್_ಶಾಪ್_ಅಕ್ಕ

ಬೇಡ ತಮ್ಮ. ಕರ್ನಾಟಕದಲ್ಲಿ 2016ರಲ್ಲೇ ನಿಷೇಧ ಆಯಿತು, 2019ರಿಂದ ಇಡೀ ದೇಶದಲ್ಲಿ ಮಾರುವ ಹಾಗಿಲ್ಲ. ಕದ್ದು ಮಾರುವ ಸಾಮಾನಿನಲ್ಲಿ ಏನು ತುಂಬಿರುತ್ತಾರೋ ಯಾರಿಗೂ ಗೊತ್ತಾಗಲ್ಲ. ಹಾಗೇ ನಮ್ಮ ಮಲೆನಾಡಿನವರಿಗೂ ಒಂದು ಮಾತು. ಸಿಗರೇಟು ಬಿಟ್ಟೆ ಅಂತ ಗುಟ್ಕಾ, ಹೊಗೆಸೊಪ್ಪು ಹಿಡಿಯಬೇಡಿ. ಬರೀ ಅಡಿಕೆಯೂ ಬಾಯಿ ಕ್ಯಾನ್ಸರ್‌ಗೆ ಕಾರಣವೇ. ನಮ್ಮ ಮನೆಯಲ್ಲೇ ಅಡಿಕೆ ತೋಟ ಇದೆ, ಆದರೂ ಹೇಳುತ್ತಿದ್ದೇನೆ.

ಹೆಸರು_ಬೇಡ

ನಾನು ಹೆಂಗಸು. 31 ವರ್ಷ. ಬೆಂಗಳೂರಿನಲ್ಲಿ ಐಟಿ ಕೆಲಸ. ದಿನಕ್ಕೆ ಎಂಟು. ನನ್ನ ಅಪ್ಪ ಅಮ್ಮನಿಗೂ ಗೊತ್ತಿಲ್ಲ, ಅತ್ತೆ ಮನೆಯಲ್ಲೂ ಗೊತ್ತಿಲ್ಲ.

ಎಲ್ಲಿ ನೋಡಿದರೂ ಮೊದಲು ಕೊಡುವ ಸಲಹೆ ಒಂದೇ. ಮನೆಯವರಿಗೆಲ್ಲ ಹೇಳಿ, ಅವರ ಬೆಂಬಲ ತೆಗೆದುಕೊಳ್ಳಿ ಅಂತ. ನಾನು ಯಾರಿಗೆ ಹೇಳಲಿ? ಹೇಳಿದರೆ ಬಿಡ್ತಾ ಇದ್ದೀನಿ ಅನ್ನೋದು ಯಾರ ಕಿವಿಗೂ ಬೀಳಲ್ಲ, ಸೇದುತ್ತಿದ್ದಳು ಅನ್ನೋದಷ್ಟೇ ಬೀಳುತ್ತದೆ. ಗಂಡಸರಿಗೆ ಟೀ ಅಂಗಡಿ ಕಷ್ಟ. ನನಗೆ ಆಫೀಸ್ ಪಾರ್ಕಿಂಗಿನ ಮೂಲೆ, ಟಾಯ್ಲೆಟ್, ಏಲಕ್ಕಿ, ಸೆಂಟು. ಸೇದುವುದಕ್ಕಿಂತ ಮುಚ್ಚಿಡುವುದಕ್ಕೇ ಸುಸ್ತಾಗುತ್ತದೆ.

ನನಗೆ ಹುರುಪು ಉಳಿದದ್ದು ಫೋನಿನಿಂದ. ಪ್ಯಾಕಿನ ಮೇಲೆ ಒಂದು ನಂಬರ್ ಇದೆ ನೋಡಿ, 1800-11-2356. ಉಚಿತ. ಒಂದು ದಿನ ಪಾರ್ಕಿಂಗಿನಲ್ಲಿ ಸಿಗರೇಟು ಕೈಯಲ್ಲಿ ಹಿಡಿದೇ ಫೋನ್ ಮಾಡಿದೆ. ಕನ್ನಡದಲ್ಲಿ ಮಾತಾಡಿದರು. ಹೆಂಗಸಾಗಿ ಸೇದ್ತೀರಾ ಅಂತ ಕೇಳಲಿಲ್ಲ. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು, ಮೊದಲು ಬಿಡೋಕೆ ನೋಡಿದ್ದೀರಾ ಅಂತ ಕೇಳಿದರು. ಎರಡು ಸಲ ಬಿಟ್ಟಿದ್ದೆ, ಮೊದಲ ಸಲ ಹತ್ತೇ ದಿನ, ಎರಡನೇ ಸಲ ಒಂದು ತಿಂಗಳು ಅಂದೆ. "ಹಾಗಾದರೆ ನಿಮಗೆ ಹತ್ತು ದಿನ ಇರೋಕೂ ಬರುತ್ತೆ, ಒಂದು ತಿಂಗಳು ಇರೋಕೂ ಬರುತ್ತೆ" ಅಂದರು. ಅಲ್ಲೇ ಕಂಬಕ್ಕೆ ಒರಗಿ ಅತ್ತುಬಿಟ್ಟೆ. ಅಲ್ಲಿಯವರೆಗೆ ಎರಡು ಸಲ ಸೋತವಳು ಅಂತಲೇ ಅಂದುಕೊಂಡಿದ್ದೆ.

ದಿನ ಗೊತ್ತು ಮಾಡಿಸಿದರು. ಆಮೇಲೆ ಅವರೇ ಫೋನ್ ಮಾಡಿ ವಿಚಾರಿಸಿದರು. ಈಗ ಏಳು ವಾರ ಆಯಿತು. ಪೀಣ್ಯದವರೇ, ನಿಮಗೆ ಹೇಳಿಕೊಳ್ಳೋಕೆ ಜನ ಇದ್ದಾರೆ. ಇವತ್ತೇ ಒಬ್ಬರಿಗೆ ಹೇಳಿ.

ಕೌನ್ಸೆಲಿಂಗ್_ಕೆಲಸ

ಮೇಲಿನ ತಂಗಿಗೆ ತುಂಬಾ ಸಂತೋಷ. ಆ ಸೇವೆ 2016ರಲ್ಲಿ ದೆಹಲಿಯಲ್ಲಿ ಶುರುವಾಯಿತು, ಆಮೇಲೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕೇಂದ್ರ ಆಯಿತು. ದಕ್ಷಿಣದ ಭಾಷೆಗಳಲ್ಲಿ ಅಲ್ಲಿಂದ ಮಾತಾಡುತ್ತಾರೆ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ಸೋಮವಾರ ರಜೆ. ಸೋಮವಾರ ಬಿಡುತ್ತೇನೆ ಅಂತ ದಿನ ಇಟ್ಟುಕೊಳ್ಳುವವರೇ ಜಾಸ್ತಿ, ಅದಕ್ಕೇ ಇದನ್ನು ಬಿಡಿಸಿ ಹೇಳಿದೆ. ಭಾನುವಾರವೇ ಮಾತಾಡಿ ಇಟ್ಟುಕೊಳ್ಳಿ.

ಪೀಣ್ಯದ ಸಹೋದರರಿಗೆ ನನ್ನ ಮಾತು. ಹುರುಪು ಇಳಿಯೋದು ತಪ್ಪಲ್ಲ, ಅದು ಇಳಿದೇ ಇಳಿಯುತ್ತದೆ. ಹುರುಪು ಇದ್ದಾಗ ಕೈಯಿಂದ ಮಾಡಿಟ್ಟ ಕೆಲಸ ಮಾತ್ರ ಉಳಿಯುತ್ತದೆ. ದಿನಕ್ಕೆ ಒಂದು ಕೆಲಸ ಸಾಕು. ಒಂದು ದಿನ ಬೈಕ್ ಡಿಕ್ಕಿ, ಜೇಬು, ಮನೆಯ ಮೂಲೆಯಲ್ಲಿರುವ ಲೈಟರ್, ಕಡ್ಡಿಪೆಟ್ಟಿಗೆ ಹುಡುಕಿ ತೆಗೆಯಿರಿ. ಒಂದು ದಿನ ಸಿಗರೇಟಿನ ವಾಸನೆ ಇರುವ ಜರ್ಕಿನ್, ಹೊದಿಕೆ ಒಗೆಯಿರಿ. ಮುಖ್ಯವಾಗಿ, ಬಿಟ್ಟ ಮೇಲೆ ಜಗಳ ಆದ ದಿನ ಏನು ಮಾಡುತ್ತೇನೆ ಅಂತ ಈಗಲೇ ಒಂದು ಸಾಲು ಬರೆದಿಡಿ. ಹೋದ ಸಲ ನೀವು ಜಾರಿದ್ದು ಅಲ್ಲೇ ಅಲ್ವಾ. ಮೂರು ನಾಲ್ಕನೇ ದಿನದ ಹೊತ್ತಿಗೆ ಸಿಟ್ಟು, ಚಡಪಡಿಕೆ ತುದಿಯಲ್ಲಿರುತ್ತದೆ. ಸೂಪರ್‌ವೈಸರ್ ಅಂದಿದ್ದು ಒಂದು ಪಾಲು, ನಿಕೋಟಿನ್ ಇಲ್ಲದ ಸಿಟ್ಟು ಮೂರು ಪಾಲು ಇದ್ದಿರಬೇಕು.

ಪೀಣ್ಯ_ಸೆಕೆಂಡ್_ಶಿಫ್ಟ್

ಅದು ನಿಜ ಮೇಡಂ. ಅವರು ಅವತ್ತು ಅಂದಿದ್ದು ದೊಡ್ಡ ಮಾತೇನಲ್ಲ. ಒಂದು ಅನುಮಾನ. ಹೋದ ಸಲ ಸಿಗರೇಟು ಬಿಟ್ಟಾಗ ಕೈ ನಡುಗುತ್ತಿತ್ತು, ಎದೆ ಡವಡವ, ರಾತ್ರಿ ನಿದ್ದೆಯೇ ಇಲ್ಲ. ಸಿಗರೇಟು ಬೇಕು ಅಂದಾಗೆಲ್ಲ ಕಾಫಿ ಕುಡಿಯುತ್ತಿದ್ದೆ. ದಿನಕ್ಕೆ ಏಳೆಂಟು.

ಮೆಡಿಕಲ್_ಶಾಪ್_ಅಕ್ಕ

ಅಯ್ಯೋ, ಅದರಲ್ಲಿ ಅರ್ಧ ಕಾಫಿಯದ್ದೇ! ಸಿಗರೇಟಿನ ಹೊಗೆ ಇರುವವರೆಗೆ ಲಿವರ್ ಕೆಫೀನನ್ನು ಬೇಗ ಬೇಗ ಕರಗಿಸುತ್ತದೆ. ಹೊಗೆ ನಿಂತರೆ ಆ ವೇಗ ಕಡಿಮೆ ಆಗುತ್ತದೆ. ಆಗ ಅದೇ ಎರಡು ಲೋಟ ಕಾಫಿ ಮೈಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ. ಬಿಡುವ ದಿನದಿಂದ ಕಾಫಿ, ಟೀ ಅರ್ಧಕ್ಕೆ ಇಳಿಸಿ. ಬೈ ಟು ಹೇಳಿ. ಇದೇ ಕಾರಣಕ್ಕೆ ಅಸ್ತಮಾಗೆ ಥಿಯೋಫಿಲಿನ್ ತೆಗೆದುಕೊಳ್ಳುವವರು, ಮಾನಸಿಕ ಕಾಯಿಲೆಗೆ ಕ್ಲೋಜಪಿನ್ ತೆಗೆದುಕೊಳ್ಳುವವರು ಬಿಡುವ ಮುಂಚೆ ಡಾಕ್ಟರ್‌ಗೆ ಹೇಳಲೇಬೇಕು, ಡೋಸ್ ಬದಲಾಯಿಸಬೇಕಾಗಬಹುದು.

ಬ್ಯಾರನ್_ಬೆಂಕಿ

ನಾನು ಪಿರಿಯಾಪಟ್ಟಣದ ಕಡೆಯವನು. ನಮ್ಮದು ಹೊಗೆಸೊಪ್ಪು ಬೆಳೆಯುವ ಮನೆ. ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಮಳೆಗಾಲದಲ್ಲಿ ಎಲೆ ಮುರಿಯೋಕೆ ಬೆಳಿಗ್ಗೆ ಹೋಗುತ್ತೇವೆ. ಎಲೆ ನೆಂದಿರುತ್ತದೆ. ಕಂಕುಳಲ್ಲಿ ಹೊರೆ ಹಿಡಿದು ನಡೆದರೆ ಅಂಗಿ ಪೂರ್ತಿ ಅಂಟು. ನನಗೆ ಹದಿನಾಲ್ಕು ವರ್ಷ ಇದ್ದಾಗ ಹಾಗೆ ಹೊತ್ತು ಬಂದ ದಿನ ತಲೆ ಸುತ್ತಿ, ವಾಂತಿ ಆಗಿ ಬದುವಿನ ಮೇಲೆ ಮಲಗಿಬಿಟ್ಟೆ. ಬಿಸಿಲು ಅಂದರು, ದೃಷ್ಟಿ ಅಂದರು. ಅದು ಎಲೆಯ ನಿಕೋಟಿನ್ ಒದ್ದೆ ಚರ್ಮದಿಂದ ಒಳಗೆ ಇಳಿದದ್ದು ಅಂತ ಎಷ್ಟೋ ವರ್ಷ ಆದ ಮೇಲೆ ಡಾಕ್ಟರ್ ಹೇಳಿದರು. ಬಾಯಿಗೆ ಇಟ್ಟಿರಲೇ ಇಲ್ಲ ನಾನು. ಬರೀ ಹೊತ್ತಿದ್ದೆ.

ಆಮೇಲೆ ಬ್ಯಾರನ್, ಅಂದರೆ ಸೊಪ್ಪು ಬೇಯಿಸುವ ಮನೆ, ಕಾಯುವ ರಾತ್ರಿಗಳಲ್ಲಿ ಸೇದೋದು ಕಲಿತೆ. ಸೊಪ್ಪು ಬೇಯಿಸುವಾಗ ಐದಾರು ದಿನ ಹಗಲು ರಾತ್ರಿ ಬೆಂಕಿ ಒಂದೇ ಹದದಲ್ಲಿ ಇರಬೇಕು. ಶಾಖ ಏರಿದರೂ ಕೆಟ್ಟಿತು, ಇಳಿದರೂ ಕೆಟ್ಟಿತು. ನಿದ್ದೆ ತಡೆಯೋಕೆ ಬೀಡಿ. ಈಗ ನನಗೆ 29 ವರ್ಷ, ದಿನಕ್ಕೆ ಒಂದೂವರೆ ಕಟ್ಟು. ಬಿಡಬೇಕು ಅಂತ ಮೂರು ತಿಂಗಳಿಂದ ತಯಾರಿ ಮಾಡುತ್ತಲೇ ಇದ್ದೇನೆ, ದಿನ ಮಾತ್ರ ಇಟ್ಟಿಲ್ಲ. ನಮ್ಮ ಮನೆಯ ಅನ್ನವೇ ಅದರಿಂದ ಬಂದದ್ದು, ನಾನು ಯಾವ ಬಾಯಲ್ಲಿ ಅದು ಕೆಟ್ಟದ್ದು ಅನ್ನಲಿ ಅಂತ ಒಳಗೇ ಒಂದು ಮಾತು ಇದೆ. ಪೀಣ್ಯದ ಅಣ್ಣ ಬರೆದದ್ದು ಓದಿ, ಕಾಲು ಮುಚ್ಚಿಕೊಂಡರು ಅನ್ನುವ ಜಾಗದಲ್ಲಿ ನಿಂತುಬಿಟ್ಟೆ. ಅಣ್ಣ, ನೀವು ಯಾವ ದಿನ ಇಟ್ಟುಕೊಳ್ಳುತ್ತೀರಿ? ನಾನೂ ಅದೇ ದಿನ ಬಿಡುತ್ತೇನೆ.

ಕೌನ್ಸೆಲಿಂಗ್_ಕೆಲಸ

ತಮ್ಮ, ಬೆಳೆ ಮನೆಯದ್ದು, ಶ್ವಾಸಕೋಶ ನಿನ್ನದು. ಬೆಳೆಯ ವಿಷಯ ಮನೆಯವರೆಲ್ಲ ಕೂತು ಇನ್ನೊಂದು ದಿನ ಮಾತಾಡಬಹುದು. ಎರಡನ್ನೂ ಒಂದೇ ಗಂಟು ಮಾಡಿ ಹೊರಬೇಡ.

ಪೀಣ್ಯ_ಸೆಕೆಂಡ್_ಶಿಫ್ಟ್

ತಮ್ಮ, ಮುಂದಿನ ಮಂಗಳವಾರ. ಇವತ್ತು ಬುಧವಾರ, ಅಂದರೆ ಇನ್ನು ಆರು ದಿನ. ಆ ವಾರ ನನಗೆ ಫಸ್ಟ್ ಶಿಫ್ಟ್. ಬೆಳಿಗ್ಗೆ ಆರಕ್ಕೆ ಒಳಗೆ ಹೋಗುತ್ತೇನೆ, ಆ ಹೊತ್ತಿಗೆ ಟೀ ಅಂಗಡಿ ತೆಗೆದಿರಲ್ಲ. ಎರಡಕ್ಕೆ ಹೊರಗೆ ಬರುವಾಗ ಹಿಂದಿನ ಗೇಟಿನಿಂದ ಬರುತ್ತೇನೆ.

ಬ್ಯಾರನ್_ಬೆಂಕಿ

ಆಯಿತು ಅಣ್ಣ. ಮಂಗಳವಾರ.

ಪೀಣ್ಯ_ಸೆಕೆಂಡ್_ಶಿಫ್ಟ್

ಸೋಮವಾರ ರಾತ್ರಿ ಬರೆಯುತ್ತಿದ್ದೇನೆ. ಮಾಡಿದ್ದು ಹೇಳುತ್ತೇನೆ.

ಹಾಳೆ ಮತ್ತು ರಬ್ಬರ್ ಬ್ಯಾಂಡ್ ಮಾಡಿದೆ. ನನಗೆ ಐದು ಅಂಕದ್ದು ನಾಲ್ಕು ಬಂತು. ಎರಡು ಗಂಟೆಯದ್ದಕ್ಕೆ ಐದು ಬೀಳುತ್ತದೆ ಅಂದುಕೊಂಡಿದ್ದೆ, ಮೂರು ಬಿತ್ತು. ನನಗೆ ಬೇಕಾಗಿದ್ದು ಆ ಜನ, ಆ ಹತ್ತು ನಿಮಿಷ.

ಬೈಕ್ ಡಿಕ್ಕಿಯಲ್ಲಿ ಎರಡು ಲೈಟರ್, ದೇವರ ಮನೆಯ ಕಡ್ಡಿಪೆಟ್ಟಿಗೆ ಒಂದು ನನ್ನ ಜರ್ಕಿನ್‌ನಲ್ಲಿ ಸಿಕ್ಕಿತು. ಹೆಂಡತಿಗೆ ಕೊಟ್ಟೆ. ಅವಳು ಏನೂ ಕೇಳದೆ ತೆಗೆದುಕೊಂಡು ಹೋಗಿ ಮೇಲಿನ ಡಬ್ಬದಲ್ಲಿ ಇಟ್ಟಳು. ಆಮೇಲೆ ಅಡುಗೆಮನೆಯಿಂದಲೇ "ಎಷ್ಟನೇ ತಾರೀಖು?" ಅಂದಳು. ಹೇಳಿದೆ.

ಟೀ ಅಂಗಡಿಯವರಿಗೂ ಹೇಳಿದೆ. ಅವರ ಹತ್ತಿರ ನನ್ನ ಖಾತೆ ಇತ್ತು, 340 ರೂಪಾಯಿ. ಪೂರ್ತಿ ಕೊಟ್ಟು ಪುಸ್ತಕದಲ್ಲಿ ನನ್ನ ಹೆಸರು ಹೊಡೆಸಿದೆ. ನಾನು ಕೇಳಿದರೂ ಕೊಡಬೇಡಿ ಅಂದೆ. ಅವರ ಹೊಟ್ಟೆಪಾಡು ಅದು, ಆದರೂ "ಕೊಡಲ್ಲ ಹೋಗಿ" ಅಂದರು.

ನಿನ್ನೆ 1800-11-2356ಕ್ಕೆ ಮಾತಾಡಿದೆ. ಗಮ್ ತಂದಿದ್ದೇನೆ, 4 ಮಿಲಿಗ್ರಾಂ. ಜಗಳದ ದಿನಕ್ಕೆ ಬರೆದ ಸಾಲು ಲಾಕರ್ ಬಾಗಿಲ ಒಳಗೆ ಅಂಟಿಸಿದ್ದೇನೆ. "ಮಾತಾಡಬೇಡ, ನೀರು ಕುಡಿ, ಐದು ನಿಮಿಷ ಸ್ಟೋರಿಗೆ ಹೋಗಿ ಬಾ." ಆಸೆ ಬಂದರೂ ನಾಲ್ಕೈದು ನಿಮಿಷಕ್ಕೆ ಇಳಿಯುತ್ತದೆ ಅಂತ ಅವರೇ ಹೇಳಿದರು, ಅದಕ್ಕೇ ಐದು.

ಇವತ್ತು ಎಂಟು ಸೇದಿದ್ದೇನೆ. ಕೊನೆಯದ್ದು ಒಂಬತ್ತೂವರೆಗೆ. ಪ್ಯಾಕಿನಲ್ಲಿ ಎರಡು ಉಳಿದಿತ್ತು, ನೀರಿನಲ್ಲಿ ನೆನೆಸಿ ಕಸಕ್ಕೆ ಹಾಕಿದೆ.

ಹೆಸರು_ಬೇಡ

ನಾಳೆ ಬೆಳಿಗ್ಗೆ ಆರಕ್ಕೆ ನಿಮ್ಮಿಬ್ಬರನ್ನೂ ನೆನೆಸಿಕೊಳ್ಳುತ್ತೇನೆ.

ಪೀಣ್ಯ_ಸೆಕೆಂಡ್_ಶಿಫ್ಟ್

ಶುಕ್ರವಾರ. ನಾಲ್ಕನೇ ದಿನ. ಸೇದಿಲ್ಲ. ನಿನ್ನೆ ತುಂಬಾ ಕಷ್ಟ ಆಯಿತು, ಲೇತ್ ಮೇಲೆ ಮಾಡಿದ ಒಂದು ಪೀಸ್ ರಿಜೆಕ್ಟ್ ಆಗಿ ಮಾತು ಕೇಳಬೇಕಾಯಿತು. ಎರಡು ಸಲ ಸ್ಟೋರಿಗೆ ಹೋಗಿ ಬಂದೆ. ಸ್ಟೋರ್‌ನವರು ಏನು ಬೇಕು ಅಂದರು, ಏನೂ ಬೇಡ ಅಂದೆ. ಕಾಫಿ ಎರಡಕ್ಕೆ ಇಳಿಸಿದ್ದೇನೆ, ಈ ಸಲ ಕೈ ನಡುಕ ಇಲ್ಲ. ಪಿರಿಯಾಪಟ್ಟಣದ ತಮ್ಮ, ನೀನು ಹೇಗಿದ್ದೀಯ? ಎರಡು ದಿನದಿಂದ ಮಾತಿಲ್ಲ.

ಬ್ಯಾರನ್_ಬೆಂಕಿ

ಅಣ್ಣ, ಬುಧವಾರ ರಾತ್ರಿ ಬ್ಯಾರನ್ ಹತ್ತಿರ ಒಂದು ಸೇದಿಬಿಟ್ಟೆ. ಬರೆಯೋಕೆ ಮುಖ ಇರಲಿಲ್ಲ.

ಪೀಣ್ಯ_ಸೆಕೆಂಡ್_ಶಿಫ್ಟ್

ಒಂದೇನಾ?

ಬ್ಯಾರನ್_ಬೆಂಕಿ

ಒಂದೇ. ಆಮೇಲೆ ಕಟ್ಟು ಬೆಂಕಿಗೆ ಹಾಕಿದೆ. ನಿನ್ನೆ, ಇವತ್ತು ಇಲ್ಲ.

ಪೀಣ್ಯ_ಸೆಕೆಂಡ್_ಶಿಫ್ಟ್

ದಿನಕ್ಕೆ ಒಂದೂವರೆ ಕಟ್ಟು ಸೇದುತ್ತಿದ್ದವನು ನಾಲ್ಕು ದಿನಕ್ಕೆ ಒಂದು ಸೇದಿದ್ದೀಯ. ನಿನ್ನ ನಂಬರ್ ನನಗೆ ಮೆಸೇಜ್ ಮಾಡು. ಇವತ್ತು ರಾತ್ರಿ ಬ್ಯಾರನ್ ಕಾಯೋಕೆ ಕೂತಾಗ ಫೋನ್ ಮಾಡುತ್ತೇನೆ. ನನಗೂ ಹೇಗಿದ್ದರೂ ಒಂಬತ್ತೂವರೆಗೆ ಬಾಲ್ಕನಿಯಲ್ಲಿ ಕೈ ಖಾಲಿ ಇರುತ್ತದೆ.